ಖೋಖಾ ಎಲ್ಲಿ?

ಕಾಲೇಜಿನ ದಿನಗಳಲ್ಲಿ ನಮ್ಮ ಎನ್‌ಸಿಸಿ ತಂಡವನ್ನು ಒಮ್ಮೆ ಧಾರವಾಡದ ಹೊರಗಿನ ಫೈರಿಂಗ್ ರೇಂಜಿಗೆ ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದರು. ಪಾಯಿಂಟ್ ಟೂ-ಟೂ ರೈಫಲ್, ತಲೆಗೆ ಐದು ಗುಂಡು. ಬೋರಲು ಮಲಗಿ, ಉಸಿರು ಬಿಗಿಹಿಡಿದು, ಐದನ್ನೂ ಹಾರಿಸಿ ಏಳಲು ಐದು ನಿಮಿಷವೂ ಹಿಡಿಯಲಿಲ್ಲ. ಮನೆ ಸೇರುವಷ್ಟರಲ್ಲಿ ಮಾತ್ರ ದೀಪ ಹಚ್ಚುವ ಹೊತ್ತಾಗಿತ್ತು. ಕಾರಣ, ಹವಾಲ್ದಾರರು ಎಣಿಸಿದಾಗ ಒಂದು ಖೋಖಾ ಕಡಿಮೆ ಬಂತು.

ಖೋಖಾ ಅಂದರೆ ಗುಂಡು ಹೊರಟುಹೋದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆ. ಟೂ-ಟೂ ರೈಫಲಿನದಾದರೆ ಕಿರುಬೆರಳಿನ ತುದಿಯಷ್ಟು. ಕೊಟ್ಟ ಗುಂಡು ಎಷ್ಟೋ ಅಷ್ಟೇ ಖೋಖಾ ವಾಪಸು ಬರಬೇಕು, ಇಲ್ಲವಾದರೆ ಲಾರಿ ಹೊರಡುವಂತಿಲ್ಲ. ನಾವು ಇಪ್ಪತ್ತು ಮೂವತ್ತು ಹುಡುಗರು ಸಾಲಾಗಿ ಕೂತು, ಒಣಹುಲ್ಲನ್ನು ತಲೆಯ ಹೇನು ನೋಡುವಂತೆ ಬಿಡಿಸಿ ಬಿಡಿಸಿ ನೋಡಿದೆವು. ಕೊನೆಗೆ ಅದು ಸಿಕ್ಕಿದ್ದು ಪಕ್ಕದಲ್ಲಿ ಮಲಗಿದ್ದವನ ಅಂಗಿಯ ತೋಳಿನ ಮಡಿಕೆಯಲ್ಲಿ. ನಮ್ಮ ಗುಂಡುಗಳಲ್ಲಿ ಎಷ್ಟು ಗುರಿಗೆ ತಾಗಿದವು, ಎಷ್ಟು ಮಣ್ಣಿನ ದಿಬ್ಬ ಸೇರಿದವು ಎಂಬುದನ್ನು ಹವಾಲ್ದಾರರು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದು ನೆನಪಿಲ್ಲ. ಖೋಖಾದ ಲೆಕ್ಕ ಮಾತ್ರ ಬಿಡಲಿಲ್ಲ.

ಪೊಲೀಸರ ಸೊಂಟದಲ್ಲಿ ಸದಾ ಬಂದೂಕು ಇರಬೇಕೇ ಎಂಬ ಮಾತು ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಎದ್ದಾಗಲೆಲ್ಲ ನನಗೆ ಆ ಸಂಜೆಯ ಹುಲ್ಲು ನೆನಪಾಗುತ್ತದೆ. 2025ರ ಏಪ್ರಿಲ್‌ನಿಂದ ಈಚೆಗೆ ಆ ಮಾತು ಬಹಳ ಸಲ ಎದ್ದಿದೆ.

ಚೆನ್ನಮ್ಮ ಸರ್ಕಲ್‌ನಲ್ಲಿ ನಿಂತು ಸುಮ್ಮನೆ ಒಮ್ಮೆ ಕಣ್ಣಾಡಿಸಿ. ಸಿಗ್ನಲ್ ಹತ್ತಿರದ ಟ್ರಾಫಿಕ್ ಪೇದೆಯ ಬಾಯಲ್ಲಿ ಸೀಟಿ, ಕೈಯಲ್ಲಿ ದಂಡದ ಯಂತ್ರ. ಬಂದೋಬಸ್ತಿಗೆ ಬಂದವರ ಕೈಯಲ್ಲಿ ಲಾಠಿ. ಪಿಎಸ್‌ಐ ಜೀಪಿನಿಂದ ಇಳಿದರೆ ಬೆಲ್ಟಿನಲ್ಲಿ ಪಿಸ್ತೂಲು ಇದ್ದರೂ ಇರಬಹುದು. ಉದ್ದನೆಯ ಬಂದೂಕು ಕಾಣಬೇಕಾದರೆ ಬ್ಯಾಂಕಿನ ಖಜಾನೆ, ಕೋರ್ಟಿಗೆ ಕೈದಿಗಳನ್ನು ಕರೆತರುವ ವ್ಯಾನು, ನ್ಯಾಯಾಧೀಶರ ಬಂಗಲೆಯ ಗೇಟಿಗೆ ಹೋಗಬೇಕು, ಇಲ್ಲವೇ ರಾಜಕಾರಣಿಯ ಬೆನ್ನಿಗಿರುವ ಗನ್‌ಮ್ಯಾನ್‌ನನ್ನು ನೋಡಬೇಕು. (ನಮ್ಮ ಕಡೆ ಮದುವೆಯ ಊಟದ ಪಂಕ್ತಿಯಲ್ಲಿ ಗನ್‌ಮ್ಯಾನ್ ಹಿಂದೆ ನಿಂತಿದ್ದರೆ ಊಟಕ್ಕೆ ಕೂತವರ ತೂಕವೇ ಬೇರೆ. ಅದು ಭದ್ರತೆಯ ವಿಷಯಕ್ಕಿಂತ ಬೀಗರ ವಿಷಯ.)

ಈ ಏರ್ಪಾಡು ಬ್ರಿಟಿಷರ ಕಾಲದ್ದು. ತಮ್ಮ ಲಂಡನ್ನಿನಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಪೊಲೀಸ್ ಪಡೆ ಕಟ್ಟಿದಾಗ ಅವರು ಪೇದೆಗೆ ಕೊಟ್ಟಿದ್ದು ಒಂದು ದೊಣ್ಣೆ. ಇಲ್ಲಿ 1857ರ ಪೆಟ್ಟು ತಿಂದ ಮೇಲೆ ಅಷ್ಟು ನಂಬಿಕೆ ಅವರಿಗೆ ಉಳಿಯಲಿಲ್ಲ. ಜನರ ನಡುವೆ ಓಡಾಡಲು ಲಾಠಿಯ ಪೊಲೀಸರು, ಜನರನ್ನು ಹತ್ತಿಕ್ಕಲು ಬಂದೂಕಿನ ಮೀಸಲು ಪಡೆ ಎಂದು ಎರಡು ಮಾಡಿದರು. ಮೊದಲು ಅವರು ಕಿತ್ತುಕೊಂಡಿದ್ದು ಜನರ ಆಯುಧಗಳನ್ನು. ಆಯುಧ ಒಪ್ಪಿಸಲೊಲ್ಲದೆ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರ ಕೊನೆಗೆ ಎದ್ದು ನಿಂತ ಕಥೆಯನ್ನು ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಹಾಗೆ ನೋಡಿದರೆ ಬಂದೂಕು ಯಾರ ಕೈಯಲ್ಲಿರಬೇಕು ಎಂಬ ಜಗಳ ಈ ಮಣ್ಣಿಗೆ ಹೊಸದಲ್ಲ.

ಈಗ 2025ರ ಏಪ್ರಿಲ್ 13ಕ್ಕೆ ಬರೋಣ. ಅಂದು ಭಾನುವಾರ. ಹುಬ್ಬಳ್ಳಿಯ ಅಶೋಕನಗರ ಠಾಣೆ ವ್ಯಾಪ್ತಿಯಲ್ಲಿ ಐದು ವರ್ಷದ ಮಗುವನ್ನು ಒಬ್ಬ ಎತ್ತಿಕೊಂಡು ಹೋದ. ಮಗುವಿನ ಹೆಣ ಪಾಳುಬಿದ್ದ ಕಟ್ಟಡವೊಂದರಲ್ಲಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮುಂದೆ ಜನಸಾಗರ. ಕೂಗು ಒಂದೇ: ಎನ್‌ಕೌಂಟರ್ ಮಾಡಿ. ಬಿಹಾರ ಮೂಲದ ಆರೋಪಿ ಸಿಕ್ಕಿಬಿದ್ದಿದ್ದ. ಅವನು ವಾಸವಿದ್ದ ಜಾಗ ತೋರಿಸಲೆಂದು ತಾರಿಹಾಳದ ಕಡೆ ಕರೆದೊಯ್ದಾಗ ಕಲ್ಲು ತೂರಿ ಓಡಲು ನೋಡಿದ, ಪಿಎಸ್‌ಐ ಅನ್ನಪೂರ್ಣ ಮೊದಲು ಗಾಳಿಯಲ್ಲಿ, ಆಮೇಲೆ ಅವನತ್ತ ಗುಂಡು ಹಾರಿಸಿದರು, ಕಾಲಿಗೂ ಬೆನ್ನಿಗೂ ತಗುಲಿತು ಎಂದು ಪೊಲೀಸರು ಹೇಳಿದರು. ಅನ್ನಪೂರ್ಣ ಅವರಿಗೂ ಇಬ್ಬರು ಸಿಬ್ಬಂದಿಗೂ ಗಾಯವಾಗಿತ್ತು. ಆರೋಪಿ ಬದುಕಲಿಲ್ಲ. ಬೆಳಿಗ್ಗೆ ಕಾಣೆಯಾದ ಮಗು, ಸಂಜೆಗೆ ಸತ್ತ ಆರೋಪಿ. ಒಂದೇ ಹಗಲಿನಲ್ಲಿ ಅಪರಾಧ, ಬಂಧನ, ತೀರ್ಪು, ಶಿಕ್ಷೆ ಎಲ್ಲವೂ ಮುಗಿದವು ಎಂದು ಊರು ನಿಟ್ಟುಸಿರು ಬಿಟ್ಟಿತು.

ಸುಳ್ಳು ಏಕೆ ಹೇಳಲಿ, ನಾನೂ ಬಿಟ್ಟೆ. ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬಂದವು, ಆ ಅಧಿಕಾರಿಗೆ ಸಿನಿಮಾದ ಬಿರುದುಗಳು ಬಂದವು. ಮನೆಯಲ್ಲಿ ಅದೇ ವಯಸ್ಸಿನ ಮೊಮ್ಮಗಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಗ ಕಾನೂನಿನ ಕಲಮುಗಳು ಯಾರ ತಲೆಗೂ ಬರುವುದಿಲ್ಲ. ಬೆನ್ನಿಗೂ ಗುಂಡು ಎಂಬ ಮಾತು ತಲೆಗೆ ಇಳಿದದ್ದು ಮಾರನೆಯ ಬೆಳಿಗ್ಗೆ, ಪೇಪರು ಬಿಡಿಸಿದಾಗ.

ಓಡುವವನಿಗೆ ಬೆನ್ನಿಗೆ ತಾಗುವುದು ಸಹಜ ಅನ್ನಬಹುದು. ಪಿಸ್ತೂಲಿನಿಂದ ಓಡುವವನ ಕಾಲಿಗೇ ಗುರಿಯಿಡುವುದು ಸಿನಿಮಾದಷ್ಟು ಸಲೀಸಲ್ಲ ಎಂಬುದೂ ನಿಜ. ತೊಡೆಯ ರಕ್ತನಾಳಕ್ಕೆ ಬಿದ್ದರೆ ಕಾಲಿನ ಗುಂಡೂ ಜೀವ ತೆಗೆಯುತ್ತದೆ. ಇವೆಲ್ಲ ನಿಜವೇ ಇರಬಹುದು. ಅದನ್ನು ನಿಜವೆಂದು ಹೇಳಬೇಕಾದವರು ಗುಂಡು ಹಾರಿಸಿದವರಲ್ಲ, ಬೇರೆಯವರು. ಅಷ್ಟೇ ನನ್ನ ತಕರಾರು.

ಬೇರೆಯವರು ಯಾರು ಎಂಬುದನ್ನು ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದೇ ಹೇಳಿಬಿಟ್ಟಿದೆ. ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಕೊಟ್ಟದ್ದು ಹದಿನಾರು ಸೂತ್ರ. ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು. ತನಿಖೆ ಸಿಐಡಿಗೋ ಬೇರೆ ಠಾಣೆಯ ತಂಡಕ್ಕೋ ಹೋಗಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಹಾರಿಸಿದ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಶೌರ್ಯ ಸಂಶಯಾತೀತವಾಗಿ ಸಾಬೀತಾಗುವವರೆಗೆ ಬಹುಮಾನ, ಬಡ್ತಿ ಕೊಡಕೂಡದು. ಬರೇ ಸಾವಿಗಲ್ಲ, ಗಂಭೀರ ಗಾಯಕ್ಕೂ ಇದೇ ನಿಯಮ ಎಂದು ಕೋರ್ಟು ಹೇಳಿದೆ. ಈ ಕೊನೆಯ ಮಾತನ್ನು ನಾವು ಮರೆತೇಬಿಟ್ಟಿದ್ದೇವೆ. ಹುಬ್ಬಳ್ಳಿ ಪ್ರಕರಣದಲ್ಲಿ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು, ಸಿಐಡಿ ತನಿಖೆ ಕೈಗೆತ್ತಿಕೊಂಡಿತು. ಆರೋಪಿಯ ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ವಾರಗಟ್ಟಲೆ ಶವಾಗಾರದಲ್ಲಿತ್ತು. ಮುಂದೆ ಮತ್ತೆ ಪರೀಕ್ಷೆ ಬೇಕಾದರೆ ಇರಲೆಂದು ಸುಡದೆ ಹೂಳಿದರು.

ಕಾಲಿನ ಗುಂಡಿನ ವಿಷಯ ಬಂತಲ್ಲ. ಅವಳಿ ನಗರದ ಪತ್ರಿಕೆ ಓದುವವರಿಗೆ ಆ ಸುದ್ದಿ ಬಾಯಿಪಾಠ. ಆರೋಪಿಯನ್ನು ಪಂಚನಾಮೆಗೆ ಕರೆದೊಯ್ಯುತ್ತಾರೆ. ಹೊತ್ತು ಬಹುತೇಕ ನಸುಕು. ಅವನು ಕಲ್ಲು ಎತ್ತಿಕೊಳ್ಳುತ್ತಾನೆ, ಇಲ್ಲವೇ ಚಾಕು, ಬಾಟಲಿ. ಪೊಲೀಸರಿಗೆ ಗಾಯ. ಒಂದು ಸುತ್ತು ಗಾಳಿಯಲ್ಲಿ, ಇನ್ನೊಂದು ಕಾಲಿಗೆ. ಎಲ್ಲರೂ ಕಿಮ್ಸ್‌ಗೆ ದಾಖಲು. ಕಮಿಷನರ್ ಆಸ್ಪತ್ರೆಗೆ ಭೇಟಿ, ಸುದ್ದಿಗಾರರೊಂದಿಗೆ ಮಾತು. ಹೆಸರು, ಓಣಿ ಬದಲಾಯಿಸಿದರೆ ಮುಂದಿನ ಸುದ್ದಿ ಸಿದ್ಧ. ಪ್ರತಿಯೊಂದೂ ಸುಳ್ಳು ಎನ್ನುವ ಧೈರ್ಯ ನನಗಿಲ್ಲ, ಹಾಗೆ ಎನ್ನಲು ಆಧಾರವೂ ಇಲ್ಲ. ಆದರೆ ಒಂದು ಸಾದಾ ಪ್ರಶ್ನೆ ಉಳಿಯುತ್ತದೆ: ಬೇಡಿ ಎಲ್ಲಿ ಹೋಯಿತು?

1980ರಲ್ಲಿ ಪ್ರೇಮಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ, ಕಂಡಕಂಡವರಿಗೆ ಬೇಡಿ ತೊಡಿಸುವುದು ಮನುಷ್ಯರ ಘನತೆಗೆ ಕುಂದು ಎಂದಿತ್ತು. ಅಲ್ಲಿಂದ ಬೇಡಿ ಹಾಕಲು ಪೊಲೀಸರಿಗೆ ಹಿಂಜರಿಕೆ ಇತ್ತು, ಅದು ಸರಿಯೂ ಹೌದು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ಅಪರಾಧದಂಥ ಪ್ರಕರಣಗಳಲ್ಲಿ ಬಂಧಿಸುವಾಗ, ಕೋರ್ಟಿಗೆ ಹಾಜರುಪಡಿಸುವಾಗ ಬೇಡಿ ಬಳಸಬಹುದು ಎಂದು ಬಾಯಿಬಿಟ್ಟು ಹೇಳಿದೆ. ಪಂಚನಾಮೆಯ ಹೊತ್ತಿನ ಮಾತು ಅದರಲ್ಲಿ ಬಿಟ್ಟುಹೋಗಿದ್ದರೆ ಅದನ್ನು ಸೇರಿಸಲಿ, ಯಾರೂ ಬೇಡ ಅನ್ನುವುದಿಲ್ಲ. ಹತ್ತಾರು ಸಲ ಆರೋಪಿಗಳು ಕಲ್ಲೆತ್ತಿದ್ದನ್ನು ಕಂಡ ಇಲಾಖೆ ಹನ್ನೊಂದನೆಯ ಸಲ ಎರಡು ಬೇಡಿ, ನಾಲ್ಕು ಜನ ಹೆಚ್ಚಿಗೆ ಸಿಬ್ಬಂದಿ, ಹಗಲು ಹೊತ್ತು ಇವನ್ನು ಜೊತೆಗೆ ಒಯ್ಯದೆ ಮತ್ತೆ ಪಿಸ್ತೂಲನ್ನೇ ಒಯ್ದರೆ ಏನೆನ್ನಬೇಕು? ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧ ಹೊತ್ತವನಲ್ಲದಿದ್ದರೆ, ಬಂಧಿಸುವ ನೆಪದಲ್ಲಿ ಅವನ ಜೀವ ತೆಗೆಯುವ ಹಕ್ಕು ಪೊಲೀಸರಿಗಿಲ್ಲ. ಸರಗಳ್ಳನ ಮೊಣಕಾಲು ಈ ಸಾಲಿನ ಎದುರು ನಿಂತು ಏನು ಹೇಳೀತೋ.

ಗುಂಡು ಹಾರಿಸಿದ ಪೊಲೀಸರಿಗೆ ಜೈಕಾರ ಹಾಕುವುದು ನಮ್ಮೂರಿಗೆ 2025ರಲ್ಲಿ ಬಂದ ಚಟವಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಅತ್ಯಾಚಾರ-ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಆಗ ಸೈಬರಾಬಾದ್ ಕಮಿಷನರ್ ಆಗಿದ್ದವರು ವಿ.ಸಿ. ಸಜ್ಜನರ, ಹುಬ್ಬಳ್ಳಿಯಲ್ಲೇ ಓದಿ ಬೆಳೆದವರು. ನಮ್ಮ ಊರ ಹುಡುಗ ಎಂದು ಹುಬ್ಬಳ್ಳಿ ಎದೆಯುಬ್ಬಿಸಿತು. 2022ರಲ್ಲಿ ಹೊರಬಂದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ, ಆರೋಪಿಗಳು ಆಯುಧ ಕಸಿದುಕೊಂಡರೆಂಬ ಕಥೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದಿತು, ಹತ್ತು ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಸಲು ಶಿಫಾರಸು ಮಾಡಿತು. ಆ ದಿನ ಪಟಾಕಿಯ ಸದ್ದು ಎಲ್ಲೂ ಕೇಳಲಿಲ್ಲ, ಅಳುವ ಸದ್ದೂ ಇಲ್ಲ. ಎರಡೂವರೆ ವರ್ಷದಲ್ಲಿ ಜನ ಬೇರೆ ಮಾತಿಗೆ ಹೋಗಿದ್ದರು.

ಇಷ್ಟು ಹೇಳಿ ಪೊಲೀಸರ ಮಗ್ಗುಲಿಗೆ ಹೋಗಿ ನಿಲ್ಲದಿದ್ದರೆ ತಪ್ಪಾಗುತ್ತದೆ. 2015ರ ಅಕ್ಟೋಬರ್‌ನಲ್ಲಿ ನೆಲಮಂಗಲದಲ್ಲಿ ಬೈಕ್ ಕಳ್ಳರನ್ನು ಹಿಡಿಯಲು ಹೋದ ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ಅವರನ್ನು ಇರಿದು ಕೊಂದರು. ಅವರ ಸರ್ವಿಸ್ ಪಿಸ್ತೂಲನ್ನೇ ಕೊಂದವರು ಕಸಿದುಕೊಂಡು ಓಡಿದರು. ಕಲಬುರ್ಗಿಯಲ್ಲಿ 2014ರ ಜನವರಿಯಲ್ಲಿ ಸುಪಾರಿ ಹಂತಕನ ಬೆನ್ನುಹತ್ತಿದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಗುಂಡು ತಗುಲಿ ವಾರದಲ್ಲಿ ತೀರಿಕೊಂಡರು. ಇವೆರಡೂ ಒಂದೇ ಬಗೆಯ ಸಾವಲ್ಲ. ಆದರೂ ಇಬ್ಬರ ಬಳಿಯೂ ಆಯುಧವಿತ್ತು, ಇಬ್ಬರೂ ಉಳಿಯಲಿಲ್ಲ. ಕೈಗೆ ಬಂದೂಕು ಬಂದ ಕೂಡಲೇ ಜೀವಕ್ಕೆ ಕವಚ ಬಂತು ಎಂದುಕೊಳ್ಳುವವರು ಈ ಎರಡು ಹೆಸರುಗಳನ್ನು ಒಮ್ಮೆ ನೆನೆಯಬೇಕು.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಇದ್ದಾರೆ. ಎಲ್ಲರಿಗೂ ಕಾಕಾ. ಸಂಜೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವಾಗ ಅವರಿಗೆ ಈ ಪ್ರಶ್ನೆ ಇಟ್ಟೆ.

“ಕಾಕಾ, ಎಲ್ಲಾ ಪೇದೆಗೂ ಒಂದೊಂದು ಪಿಸ್ತೂಲು ಕೊಟ್ರ ಹೆಂಗ್ರೀ?”

“ಕೊಡ್ತಾರ ತಮ್ಮಾ. ಆಮ್ಯಾಲ ಅದನ್ನ ಕಾಯೋದ ಒಂದು ಡ್ಯೂಟಿ ಆಕ್ಕೈತಿ. ಜಾತ್ರಿ ಗದ್ಲದಾಗ ನನ್ನ ಕೈ ಮಂದಿನ್ನ ಸರಸೂದ ಬಿಟ್ಟು ಸೊಂಟದ ಮ್ಯಾಲ ಇರ್ತೈತಿ. ಲಾಠಿ ಕಸಗೊಂಡ್ರ ಒಂದು ಏಟು ತಿಂತೀನಿ. ಅದನ್ನ ಕಸಗೊಂಡ್ರ?”

ಆಮೇಲೆ ಅವರು ಶಸ್ತ್ರಾಗಾರದ ರಿಜಿಸ್ಟರ್ ವಿಷಯ ಹೇಳಿದರು. ಡ್ಯೂಟಿಗೆ ಬಂದೂಕು ತೆಗೆದುಕೊಳ್ಳುವಾಗ ಬಟ್ ನಂಬರ್, ಗುಂಡಿನ ಸಂಖ್ಯೆ, ಹೊತ್ತು, ಸಹಿ. ವಾಪಸು ಕೊಡುವಾಗ ಮತ್ತೆ ಅದೇ. ಒಂದು ಗುಂಡು ಕಮ್ಮಿ ಬಂದರೆ ಮನೆಯಲ್ಲಿ ಹೆಂಡತಿಗೂ ಊಟ ಸೇರುವುದಿಲ್ಲ. ಹಳೆಯ ತ್ರೀ ನಾಟ್ ತ್ರೀ ರೈಫಲಿನ ತೂಕವನ್ನು ಅವರು ಅಂಗೈ ಚಾಚಿ ಅಭಿನಯಿಸಿ ತೋರಿಸಿದ ರೀತಿ ನೋಡಿದರೆ ನಾಲ್ಕು ಕಿಲೋ ಅಲ್ಲ, ನಾಲ್ಕು ಮಣ ಅನ್ನಿಸುತ್ತಿತ್ತು.

ಕಾಕಾನ ಜಾತ್ರೆಯ ಮಾತಿಗೆ ಒಂದು ದೊಡ್ಡ ಸಾಕ್ಷಿ ಇದೇ ಊರಲ್ಲಿದೆ. 2022ರ ಏಪ್ರಿಲ್ 16ರ ರಾತ್ರಿ, ಸಾಮಾಜಿಕ ಜಾಲತಾಣದ ಒಂದು ಪೋಸ್ಟಿಗೆ ಕೆರಳಿದ ಗುಂಪು ಹಳೇ ಹುಬ್ಬಳ್ಳಿ ಠಾಣೆಯ ಮೇಲೆಯೇ ಕಲ್ಲಿನ ಮಳೆ ಸುರಿಸಿತು. ಪೊಲೀಸರ ವಾಹನಗಳು ಪುಡಿಯಾದವು, ಹನ್ನೆರಡು ಪೊಲೀಸರು ಗಾಯಗೊಂಡರು. ಲಾಠಿ, ಅಶ್ರುವಾಯುವಿನಲ್ಲಿ ರಾತ್ರಿ ಕಳೆಯಿತು. ಪೊಲೀಸರ ಗುಂಡಿಗೆ ಬಿದ್ದ ಹೆಣ ಒಂದೂ ಇರಲಿಲ್ಲ. ಆ ರಾತ್ರಿ ಕಲ್ಲೇಟು ತಿಂದ ಪ್ರತಿ ಪೇದೆಯ ಸೊಂಟದಲ್ಲೂ ತುಂಬಿದ ಪಿಸ್ತೂಲು ಇದ್ದಿದ್ದರೆ? ಕತ್ತಲು, ಹಣೆಯಿಂದ ಇಳಿಯುವ ರಕ್ತ, ಎದುರಿಗೆ ಸಾವಿರ ತಲೆ. ಮರುದಿನ ಕರ್ಫ್ಯೂ ಎಷ್ಟು ವಾರ ನಡೆಯುತ್ತಿತ್ತೋ. ಆಮೇಲೆ ಆ ಪ್ರಕರಣಗಳನ್ನು ವಾಪಸು ಪಡೆಯುವ ಸರ್ಕಾರದ ಆದೇಶ, ಅದನ್ನು ಹೈಕೋರ್ಟ್ ರದ್ದು ಮಾಡಿದ್ದು, ಅದರ ರಾಜಕೀಯ ಬೇರೆ. ಆ ರಾತ್ರಿಯ ತಾಳ್ಮೆಗೆ ಯಾರೂ ಹಾರ ಹಾಕಲಿಲ್ಲ. ಪೊಲೀಸರಿಗೆ ಸಲ್ಲಬೇಕಾದ ಹಾರ ನಿಜಕ್ಕೂ ಅಲ್ಲಿತ್ತು.

ಗುಂಡು ಹಾರಿದರೆ ಏನಾಗುತ್ತದೆ ಎಂಬುದು ಧಾರವಾಡ ಸೀಮೆಗೆ ಗೊತ್ತಿಲ್ಲದ್ದಲ್ಲ. 1980ರ ಜುಲೈ 21. ಮಲಪ್ರಭಾ ಕಾಲುವೆಯ ನೀರು ನೆಟ್ಟಗೆ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಿರೆಂದು ಸರ್ಕಾರ ಬೆನ್ನುಬಿದ್ದಾಗ ನವಲಗುಂದ, ನರಗುಂದದ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ರೊಚ್ಚಿಗೆದ್ದ ಜನರ ಕೈಗೆ ಸಿಕ್ಕ ಪಿಎಸ್‌ಐ ಕೂಡ ಜೀವ ಕಳೆದುಕೊಂಡರು. ಗುಂಡೂರಾವ್ ಸರ್ಕಾರದ ಬುಡ ಅಲುಗಿದ್ದು ಅಲ್ಲಿಂದ, ರೈತ ಸಂಘ ಬೇರು ಬಿಟ್ಟಿದ್ದೂ ಅಲ್ಲಿಂದ. ಇಂದಿಗೂ ಪ್ರತಿ ಜುಲೈ 21ಕ್ಕೆ ಹಸಿರು ಶಾಲುಗಳು ಆ ವೀರಗಲ್ಲುಗಳ ಮುಂದೆ ಸೇರುತ್ತವೆ. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜದ ಗಲಾಟೆಯಲ್ಲಿ ಹಾರಿದ ಗುಂಡು ಎಷ್ಟು ದೂರ ಹೋಯಿತೆಂದರೆ, ಹತ್ತು ವರ್ಷದ ಮೇಲೆ, 2004ರಲ್ಲಿ, ಆ ಪ್ರಕರಣದ ಹುಬ್ಬಳ್ಳಿ ಕೋರ್ಟಿನ ವಾರಂಟಿಗಾಗಿ ಉಮಾಭಾರತಿ ಮಧ್ಯಪ್ರದೇಶದ ಮುಖ್ಯಮಂತ್ರಿ ಗಾದಿ ಬಿಡಬೇಕಾಯಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ಇಬ್ಬರು ರೈತರು ಗುಂಡಿಗೆ ಬಿದ್ದಾಗ ಯಡಿಯೂರಪ್ಪನವರ ಸರ್ಕಾರಕ್ಕೆ ಇನ್ನೂ ಹನ್ನೆರಡು ದಿನ.

ಪೊಲೀಸರ ಗುಂಡು ಬೇಕಿದ್ದ ಕಡೆ ಇರಲಿಲ್ಲವಲ್ಲ ಎಂದು ಯಾರಾದರೂ ಕಲ್ಯಾಣನಗರದತ್ತ ಬೆರಳು ತೋರಿಸಬಹುದು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಆ ಮನೆಯ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದರು. ತಮಗೆ ಕೊಟ್ಟಿದ್ದ ಪೊಲೀಸ್ ರಕ್ಷಣೆ ಸಾಕೆಂದು ಅವರೇ ಹೇಳಿ ಹೆಚ್ಚು ದಿನವಾಗಿರಲಿಲ್ಲ. ಬಾಗಿಲಲ್ಲೊಬ್ಬ ಬಂದೂಕಿನ ಪೇದೆ ಇದ್ದಿದ್ದರೆ ಎಂಬ ಯೋಚನೆ ನನಗೂ ಬರುತ್ತದೆ, ಬರಬಾರದೆಂದರೂ ಬರುತ್ತದೆ. ಬೆದರಿಕೆ ಇರುವವರ ಬಾಗಿಲಿಗೆ ಬಂದೂಕು ಬೇಕು ಎಂಬುದರಲ್ಲಿ ನನಗೆ ಜಗಳವಿಲ್ಲ. ಆದರೆ ಆ ಪ್ರಕರಣ ಬಿಚ್ಚಿಕೊಂಡದ್ದು ಹೇಗೆ? 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದ ಮೇಲೆ ವಿಧಿವಿಜ್ಞಾನ ಪ್ರಯೋಗಾಲಯದವರು ಎರಡೂ ಕಡೆಯ ಗುಂಡು, ಖೋಖಾಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರು. 7.65 ಮಿ.ಮೀ. ನಾಡಪಿಸ್ತೂಲು ಎರಡಕ್ಕೂ ಒಂದೇ ಎಂದು ಗೊತ್ತಾಯಿತು. ಎರಡು ವರ್ಷ ಬಾಯಿ ಬಿಡದಿದ್ದ ಕೊಲೆಗೆ ಆ ಹಿತ್ತಾಳೆಯ ಕೊಳವೆ ಬಾಯಿಯಾಯಿತು.

ಕೊಲೆಗಾರರ ಖೋಖಾ ಎಣಿಸುವಷ್ಟೇ ಕಟ್ಟುನಿಟ್ಟಾಗಿ ಪೊಲೀಸರ ಖೋಖಾವನ್ನೂ ಎಣಿಸಬೇಕು, ಬೇರೆಯವರು ಎಣಿಸಬೇಕು, ಎಣಿಸಿದ್ದನ್ನು ಊರಿಗೆ ಹೇಳಬೇಕು. ಇದಕ್ಕೆ ಲಂಡನ್ನನ್ನೇ ನೋಡಿ. ಅಲ್ಲಿ ಇಂದಿಗೂ ಬೀಟ್ ಪೊಲೀಸರ ಬಳಿ ಬಂದೂಕಿಲ್ಲ. ಬ್ರಿಟನ್ನಿನಲ್ಲಿ ಬಂದೂಕಿನ ಪರವಾನಗಿ ಇರುವ ಪೊಲೀಸರು ನೂರಕ್ಕೆ ಐದರಷ್ಟೂ ಇಲ್ಲ, ಅವರೂ ತಾವಾಗಿ ಮುಂದೆ ಬಂದವರು. 2022ರಲ್ಲಿ ಕಾರಿನಲ್ಲಿದ್ದ ಕ್ರಿಸ್ ಕಾಬಾ ಎಂಬ ನಿರಾಯುಧ ಯುವಕನನ್ನು ಕೊಂದ ಅಧಿಕಾರಿಯ ಮೇಲೆ ಕೊಲೆ ಮೊಕದ್ದಮೆ ಹಾಕಿದಾಗ ಲಂಡನ್ನಿನ ಅನೇಕ ಸಶಸ್ತ್ರ ಪೊಲೀಸರು ಸಿಟ್ಟಿನಿಂದ ಆಯುಧ ಕೆಳಗಿಟ್ಟಿದ್ದರು. 2024ರಲ್ಲಿ ಜ್ಯೂರಿ ಆ ಅಧಿಕಾರಿ ನಿರ್ದೋಷಿ ಎಂದಿತು. ಬಿಡುಗಡೆಯಾದರೂ ಕೋರ್ಟಿನ ಮೂಲಕವೇ ಆಯಿತು ಎಂಬುದು ಅಲ್ಲಿ ಗಮನಿಸಬೇಕಾದ್ದು. ನಮ್ಮ ಪಿಎಸ್‌ಐಗೂ ಅಂಥ ಬಿಡುಗಡೆಯೇ ಗೌರವ ತರುತ್ತದೆ. ವಾಟ್ಸ್‌ಆ್ಯಪಿನ ಬಿರುದು ಮುಂದಿನ ಕೊಲೆಯವರೆಗೆ ಮಾತ್ರ.

ಅಂದಹಾಗೆ ನನ್ನ ಉತ್ತರ: ಪೇದೆಗೆ ಬೇಡ, ಠಾಣಾಧಿಕಾರಿಗೆ ಇರಲಿ, ಉಳಿದದ್ದು ಬೀಗದೊಳಗೆ. ಕಾಕಾ ಇದಕ್ಕೆ ಅರ್ಧ ಒಪ್ಪಿದರು. ಠಾಣಾಧಿಕಾರಿಗಳೂ ದಿನಾ ಕಟ್ಟಿಕೊಂಡು ತಿರುಗಬೇಕಿಲ್ಲ ಎಂಬುದು ಅವರ ವಾದ. ಕಟ್ಟಿಕೊಂಡವನ ನಡಿಗೆಯೇ ಬದಲಾಗುತ್ತದಂತೆ.

“ಅಲ್ರೀ ಕಾಕಾ, ನೀವು ನೌಕರಿಯಾಗ ಒಟ್ಟ ಎಷ್ಟು ಗುಂಡು ಹೊಡದಿರಬೇಕು?”

ಅವರು ಸುಣ್ಣದ ಡಬ್ಬಿ ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಪ್ರಾಕ್ಟೀಸಿನ್ಯಾಗ ಹೊಡದದ್ದು ಬಿಟ್ರ ಮಂದಿ ಮ್ಯಾಲ ಒಂದೂ ಇಲ್ಲ. ಲಾಠಿ ಮಾತ್ರ ಎರಡು ಮುರದಾವ. ಎರಡೂ ಗಣಪತಿ ಕಳಸೂ ದಿನ, ಎರಡೂ ಬ್ಯಾರಿಕೇಡಿಗೇ ಬಡದು.”

ಒಳಗಿನಿಂದ ಕಾಕು ಕೂಗಿದರು. ಎದ್ದು ನಿಲ್ಲಲು ಅವರು ನನ್ನ ಹೆಗಲು ಹಿಡಿದುಕೊಂಡರು. ಬಂದೋಬಸ್ತಿನ ಮೊಣಕಾಲು.